ಬಾಂಡ್ ಐತ್ರಿ, ಚೆಕ್ಕೂ ಐತಿ. ರೊಕ್ಕ ಬರತೈತೇನ್ರಿ?

ಪ್ರಶ್ನೆ (ರೋಣ): ವಕೀಲ ಸಾಹೇಬ್ರ, ನಮಸ್ಕಾರ್ರಿ. ಮಗನಿಗೆ ಸರ್ಕಾರಿ ನೌಕರಿ ಕೊಡಸ್ತೀನಿ ಅಂತ ಒಬ್ಬಾಂವ 4 ಲಕ್ಷ ಇಸ್ಕೊಂಡ. ಎರಡ ವರ್ಷಾತು, ನೌಕರಿನೂ ಇಲ್ಲ, ರೊಕ್ಕಾನೂ ಇಲ್ಲ. 100 ರೂಪಾಯಿ ಬಾಂಡ್ ಮ್ಯಾಲೆ 'ಮನಿ ಅಡಚಣಿಗೆ ಕೈಗಡ' ಅಂತ ಬರಸ್ಕೊಂಡೇನಿ. ಅವನ ಮಗಾನೂ ಸಹಿ ಮಾಡ್ಯಾನ, ಹೊಲ ಹುಡುಗನ ಹೆಸರಿಲೇ ಐತಿ. ಚೆಕ್ಕೂ ಕೊಟ್ಟಾನ. ದಾವೆ ಹಾಕ್ಲೇನ್ರಿ?

ಉತ್ತರ (ವಕೀಲರು, ಧಾರವಾಡ): ಬಾಂಡಿನಾಗ ಏನ್ ಬರದೀರಿ ಅನ್ನೋದಕ್ಕಿಂತ ರೊಕ್ಕ ಯಾತಕ್ಕ ಕೊಟ್ರಿ ಅನ್ನೋದು ಮುಖ್ಯ. 1872ರ ಕರಾರು ಕಾಯ್ದೆ, ಕಲಂ 23 ತಗೀರಿ. ಸರ್ಕಾರಿ ನೌಕರಿ ಕೊಡಿಸ್ತೀನಿ, ಸಾವಿರ ರೂಪಾಯಿ ಕೊಡು ಅನ್ನೋ ಕರಾರು ಶೂನ್ಯ ಅಂತ ಕಾಯ್ದೆದಾಗೇ ಉದಾಹರಣೆ ಅದ. ಆಗಿನ ದರ ಸಾವಿರ, ಈಗ 4 ಲಕ್ಷ, ಧಂದೆ ಅದೇ! ಶೂನ್ಯ ಕರಾರಿನಾಗ ಕೊಟ್ಟಿದ್ದನ್ನ ವಾಪಸ್ ಕೊಡಸ್ಲಿಕ್ಕೆ ಕಲಂ 65 ಅದ ಖರೆ, ಆದ್ರ ತಪ್ಪು ಅಂತ ಮೊದಲೇ ಗೊತ್ತಿದ್ದು ಕೊಟ್ಟವರಿಗೆ ಅದು ಸಾಮಾನ್ಯವಾಗಿ ಒದಗೋದಿಲ್ಲ.

ಚೆಕ್ ಬೌನ್ಸ್ ಆದ್ರೂ ನೆಗೋಶಿಯೇಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆ ಕಲಂ 138ಕ್ಕ ಕಾನೂನುಬದ್ಧ ಸಾಲ ಇರಬೇಕು. ಸಾಲ ಇತ್ತು ಅಂತ ಕೋರ್ಟ್ ಮೊದಲಿಗೆ ನಿಮ್ಮ ಕಡೆನೇ ಊಹಿಸ್ತದ. ಆದ್ರ ಪಾಟೀಸವಾಲಿನಾಗ 'ಯಾವ ಅಡಚಣಿ, ಯಾರ ಮನಿದು' ಅಂದ್ರ ಏನ್ ಹೇಳ್ತೀರಿ? ಪ್ರಮಾಣ ಮಾಡಿ ಸುಳ್ಳು ಹೇಳ್ರಿ ಅಂತ ನಾ ಹೇಳೋದಿಲ್ಲ.

ಸಹಿ ಮಾಡಿದ ಹುಡುಗನ ವಯಸ್ಸೆಷ್ಟು?

ರೋಣ: ಆಗ 17 ಇತ್ತಂತ್ರಿ. ಹೊಲದ ಉತಾರದಾಗ (ಪಹಣಿಯಾಗ) ಅವನ ಹೆಸರಿಗೆ ಅ.ಪಾ.ಕ. ಅಂತ ಅವರಪ್ಪನ ಹೆಸರ ಐತಿ.

ವಕೀಲರು: ಉತಾರನೇ ಹೇಳ್ತದಲ್ರಿ, ಹುಡುಗ ಅಜ್ಞಾನ, ಅಂದ್ರ ಮೈನರ್, ಅಪ್ಪ ಪಾಲನಕರ್ತ ಅಂತ. ಆ ಸಹಿಗೆ ಕಿಮ್ಮತ್ತಿಲ್ಲ. ಕಲಕತ್ತಾದ ಧರ್ಮದಾಸ ಘೋಷ ಮೈನರ್ ಇದ್ದಾಗ ಮನಿ ಅಡವಿಟ್ಟಿದ್ದ. 1903ರಾಗ ಆಗಿನ ಎಲ್ಲಾಕ್ಕೂ ಮ್ಯಾಲಿನ ಕೋರ್ಟ್ ಪ್ರಿವಿ ಕೌನ್ಸಿಲ್ ಅದು ಶೂನ್ಯ ಅಂತು, ಸಾಲ ಕೊಟ್ಟವರಿಗೆ ರೊಕ್ಕಾನೂ ಕೊಡಸ್ಲಿಲ್ಲ. 18 ತುಂಬಿದ ಮ್ಯಾಲೆ ಹುಡುಗ 'ಹೂಂ' ಅಂದ್ರೂ ಹಳೇ ಬಾಂಡಿಗೆ ಜೀವ ಬರೋದಿಲ್ಲ. ಕೋರ್ಟ್ ಪರವಾನಗಿ ಇಲ್ದ ಅಪ್ಪನೂ ಆ ಹೊಲ ಅಡವಿಡಂಗಿಲ್ಲ.

ಬ್ಯಾಡಗಿಯಿಂದ ಇನ್ನೊಬ್ಬರು: ನಮ್ಮ ಅಂಗಡ್ಯಾಗ ಒಬ್ಬ ಹುಡುಗ 19 ಅಂತ ಸುಳ್ಳ ಹೇಳಿ ಮೊಬೈಲ್ ಉದ್ರಿ ಒಯ್ದಾನ್ರಿ. ನಂದೂ ಹೋತೇನ್ರಿ?

ವಕೀಲರು: ನಿಮ್ಮದು ಬ್ಯಾರೆ. ಕರಾರು ಶೂನ್ಯನೇ, ಆದ್ರ ನಿಮ್ಮ ಕೈ ಸ್ವಚ್ಛ ಅವ. ಮೊಬೈಲ್ ಅವನ ಹತ್ರ ಇದ್ರ ವಾಪಸ್ ಕೊಡು ಅಂತ ಕೋರ್ಟ್ ಹೇಳಬಹುದು. ಮಾರಿ ತಿಂದಿದ್ರ ಕಷ್ಟ. ಮೊದಲು ಅವರಪ್ಪ-ಅವ್ವನ ಜೋಡಿ ಮಾತಾಡ್ರಿ.

ರೋಣ: ಹಂಗಾದ್ರ ನಾ ಬಾಂಡ್ ಹರದ ಒಗೀಲೇನ್ರಿ?

ವಕೀಲರು: ಹರೀಬ್ಯಾಡ್ರೀ! ಮೋಸದ ಫಿರ್ಯಾದಿ ಕೊಡೋ ದಾರಿ ಅದ, ಆದ್ರ ಲಂಚ ಕೊಟ್ಟವರೂ ಅಪರಾಧಿ ಅಂತ ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿ ಹೇಳ್ತದ. ಒತ್ತಾಯಕ್ಕ ಕೊಟ್ಟವರು 7 ದಿನದಾಗ ತಿಳಿಸಿದ್ರ ಪಾರು, ನಿಮಗ ಎರಡ ವರ್ಷ ದಾಟ್ಯದ. ಠಾಣೆಗೆ ಹೋಗೋಕ್ಕಿಂತ ಮೊದಲು ಒಬ್ಬ ವಕೀಲರ ಮುಂದ ಕುಂತು ಇದ್ದದ್ದು ಇದ್ದಂಗ ಹೇಳ್ರಿ. ಬಾಂಡಿನ ಝೆರಾಕ್ಸ್ ಒಯ್ಯಿರಿ, ಅಸಲು ಮನ್ಯಾಗ ಇರ್ಲಿ.