ಬರೀ ನೀರು ಗಂಟಲಲ್ಲಿ ಇಳಿಯುತ್ತಿಲ್ಲ, ನೀವೆಲ್ಲ ಏನು ಕುಡಿಯುತ್ತೀರಿ?

ಕೋಲಾರದಲ್ಲಿ ಅಂಗಡಿ ಇಟ್ಟಿದ್ದೇನೆ. ಬೆಳಗ್ಗೆಯಿಂದ ರಾತ್ರಿವರೆಗೆ ಫ್ರಿಜ್ ಪಕ್ಕದಲ್ಲೇ ಕೂತಿರುತ್ತೇನೆ, ದಿನಕ್ಕೆ ಮೂರು ಕೂಲ್ ಡ್ರಿಂಕ್ಸ್ ಹೇಗೆ ಖಾಲಿಯಾಗುತ್ತವೋ ಗೊತ್ತೇ ಆಗುವುದಿಲ್ಲ. ಶುಗರ್ ಬಾರ್ಡರಿನಲ್ಲಿದೆ, ಇವೆಲ್ಲ ಬಿಡಿ ಅಂದರು ಡಾಕ್ಟರ್. ಬೋರ್ ನೀರು ಒಂಥರಾ ಉಪ್ಪುಪ್ಪು, ಫಿಲ್ಟರ್ ನೀರು ಸಪ್ಪೆ. ಬಿಟ್ಟವರು ಯಾರಾದರೂ ಇದ್ದರೆ ಹೇಗೆ ಬಿಟ್ಟಿರಿ ಹೇಳಿ.

ಮಾಲೂರಿನಿಂದ:
ನಾನೂ ನಿಮ್ಮ ಹಾಗೇ ಇದ್ದೆ ಅಣ್ಣಾ. ಒಂದಿನ ಮಗಳು ಬಾಟಲಿ ಹಿಂದೆ ಓದಿ, 100 ಎಂ.ಎಲ್.ಗೆ ಹತ್ತು ಗ್ರಾಂಗಿಂತ ಜಾಸ್ತಿ ಸಕ್ಕರೆ ಇದೆ ಅಂದಳು. ಅಂದರೆ 250ರ ಬಾಟಲಿಗೆ ಐದಾರು ಟೀ ಚಮಚ. ಅಷ್ಟನ್ನೂ ಒಂದು ಲೋಟ ನೀರಿಗೆ ಹಾಕಿ ಕಲಕಿ ಮುಂದಿಟ್ಟಳು, ಕುಡಿಯಪ್ಪಾ ಅಂತ. ಎರಡು ಗುಟುಕಿಗೇ ಸಾಕಾಯಿತು. ಆದರೆ ಸುಮ್ನೆ ಬಿಡಲು ಆಗಲ್ಲ, ಆ ಜಾಗಕ್ಕೆ ಬೇರೆ ಏನಾದರೂ ಬೇಕು. ನನಗೆ ಅದು ನೀರು ಮಜ್ಜಿಗೆ. ಒಂದು ಲೋಟ ಮೊಸರಿಗೆ ನಾಲ್ಕು ಲೋಟ ನೀರು ಹಾಕಿ ಕಡೆಯುತ್ತೇನೆ. ಶುಂಠಿ, ಅರ್ಧ ಹಸಿಮೆಣಸಿನಕಾಯಿ, ಕರಿಬೇವು ಕುಟ್ಟಾಣಿಯಲ್ಲಿ ಜಜ್ಜಿ ಹಾಕಿ, ಅರ್ಧ ಗಂಟೆ ಬಿಟ್ಟು ಸೋಸುತ್ತೇನೆ. ಮಿಕ್ಸಿಗೆ ಹಾಕಬೇಡಿ, ಖಾರ ಜಾಸ್ತಿಯಾಗಿ ಹಸಿ ವಾಸನೆ ಬರುತ್ತದೆ. ಗ್ಯಾಸ್ ಇಲ್ಲದೆ ಆಗಲ್ಲ ಅನ್ನಿಸಿದ ದಿನ ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಚಿಟಿಕೆ ಉಪ್ಪು ಹಾಕಿಕೊಳ್ಳಿ, ಅಷ್ಟೇ. ಬಿ.ಪಿ. ಇದ್ದರೆ ಎರಡರಲ್ಲೂ ಉಪ್ಪು ನೋಡಿಕೊಂಡು ಹಾಕಿ.

ಚಿಂತಾಮಣಿಯಿಂದ:
ನೀರಿನ ರುಚಿಯೇ ಬದಲಾಗಬೇಕು ಅಂದರೆ ಮಡಕೆ ತನ್ನಿ. ಪೇಂಟ್ ಬಳಿದದ್ದು ಬೇಡ. ಸಣ್ಣ ತೂತುಗಳೆಲ್ಲ ಮುಚ್ಚಿಹೋಗಿರುತ್ತವೆ, ಮಡಕೆ ಬೆವರಿದರೆ ತಾನೇ ನೀರು ತಣ್ಣಗಾಗುವುದು? ಹೊಸ ಮಡಕೆಯನ್ನು ಒಂದು ದಿನ ನೀರಲ್ಲಿ ನೆನೆಹಾಕಿ, ಗಾಳಿಯಾಡುವ ಕಡೆ ಮರಳಿನ ಮೇಲೆ ಇಡಿ. ಒಂದು ಹಿಡಿ ಲಾವಂಚದ ಬೇರು ಚೆನ್ನಾಗಿ ತೊಳೆದು, ತೆಳು ಬಟ್ಟೆಯಲ್ಲಿ ಕಟ್ಟಿ ಒಳಗೆ ಬಿಡಿ. ಮಾರನೇ ದಿನ ಮುಚ್ಚಳ ತೆಗೆದಾಗ ಮೊದಲ ಮಳೆ ಬಿದ್ದ ಮಣ್ಣಿನ ಘಮ ಬರುತ್ತದಲ್ಲ, ಅದಕ್ಕೇ ಎರಡು ಲೋಟ ಜಾಸ್ತಿ ಕುಡಿಯುತ್ತೀರಿ. ನೀರು ದಿನಾ ಬದಲಿಸಿ, ಬೇರನ್ನು ಮೂರು ದಿನಕ್ಕೊಮ್ಮೆ ಬಿಸಿಲಿಗೆ ಹಾಕಿ. ನಮ್ಮತ್ತೆ ಇದಕ್ಕೆ ಮುಂಚೆ ಫ್ರಿಜ್ ನೀರು ಬಿಟ್ಟರೆ ಮುಟ್ಟುತ್ತಿರಲಿಲ್ಲ, ಈಗ ಮಡಕೆಗೆ ಅವರೇ ಕಾವಲು.

ಬಾಗೇಪಲ್ಲಿಯಿಂದ:
ಮೇಲಿನವರು ಹೇಳಿದ್ದು ಸರಿ, ಆದರೆ ಮಡಕೆಗೆ ಬೋರ್ ನೀರು ತುಂಬಬೇಡಿ. ನಮ್ಮ ಕಡೆ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಮಡಕೆಯಲ್ಲಿಟ್ಟರೂ ಅದು ಹೋಗಲ್ಲ, ಕುದಿಸಿದರಂತೂ ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಕಾಯಿನ್ ಹಾಕಿ ಹಿಡಿಯುವ ಫಿಲ್ಟರ್ ನೀರನ್ನೇ ತುಂಬಿ. ಅದರಲ್ಲಿ ಲವಣ ಹೋಗಿರುವುದರಿಂದ ಸಪ್ಪೆ ಅನ್ನಿಸುವುದು, ಆ ಸಪ್ಪೆಗೆ ಲಾವಂಚ ಇದೆಯಲ್ಲ.

ತಿಪಟೂರಿನಿಂದ:
ಎಳನೀರು ಅಂತ ಹೇಳದಿದ್ದರೆ ನಮ್ಮೂರವರು ನನ್ನ ಸುಮ್ನೆ ಬಿಡಲ್ಲ! ಆದರೆ ಅದರಲ್ಲೂ ಸಿಹಿ ಇದೆ, ದಿನಕ್ಕೆ ಮೂರು ನಾಲ್ಕು ಬೇಡ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು, ಪೊಟ್ಯಾಸಿಯಂ ಜಾಸ್ತಿ.

ಶ್ರೀನಿವಾಸಪುರದಿಂದ:
ಗಾಳಿಗೆ ಉದುರಿದ ಮಾವಿನಕಾಯಿ ಬೇಯಿಸಿ, ತಿರುಳು ಕಿವುಚಿ, ಹುರಿದ ಜೀರಿಗೆ ಪುಡಿ, ಉಪ್ಪು ಹಾಕಿ ನೀರು ಬೆರೆಸಿ. ಬೆಲ್ಲ ಪರವಾಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಶುಗರಿಗೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ. ರಾಮನವಮಿ ಪಾನಕ ಒಂದು ಪುಟ್ಟ ಲೋಟ ಪ್ರಸಾದಕ್ಕೆ ಕುಡಿಯಿರಿ, ಅಷ್ಟು ಸಾಕು.

ಕೇಳಿದವರಿಂದ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತಿಗೆ ಹನ್ನೊಂದು ದಿನ. ಮಡಕೆ ಗಲ್ಲಾ ಪಕ್ಕ ಬಂದಿದೆ, ಮಜ್ಜಿಗೆ ಮನೆಯಿಂದ ಫ್ಲಾಸ್ಕಿನಲ್ಲಿ ಬರುತ್ತಿದೆ. ಸಂಜೆ ನಾಲ್ಕರ ಬಾಟಲಿ ಮಾತ್ರ ಇನ್ನೂ ಬಿಡಲಾಗಿಲ್ಲ, ಮೂರು ಇದ್ದದ್ದು ಒಂದಾಗಿದೆ. ಇನ್ನೊಂದು ತಾಪತ್ರಯ ಅಂದರೆ ಗಿರಾಕಿಗಳೂ ಲಾವಂಚದ ನೀರೇ ಕೇಳುತ್ತಿದ್ದಾರೆ, 20 ಲೀಟರ್ ಕ್ಯಾನ್ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಅಂಗಡಿಗೆ ದೊಡ್ಡ ಮಡಕೆ ಎಲ್ಲಿ ಸಿಗುತ್ತದೆ ಹೇಳಿ.