ಪದಚರ್ಚೆ: ಸಲೂನಿನ ಬ್ಲೇಡು, ಸೂಜಿ ಹಾಕುವ ಡಬ್ಬಿಯ ಮೇಲೆ ಏನು ಬರೆಯೋಣ?

ಗೆಳೆಯರೇ,

ನಮ್ಮ ಬಡಾವಣೆಯ ಕಟಿಂಗ್ ಶಾಪು, ಬ್ಯೂಟಿ ಪಾರ್ಲರುಗಳ ಗೋಡೆಗೆ ಅಂಟಿಸಲು ಒಂದು ಪುಟದ ಸೂಚನೆ ತಯಾರಾಗುತ್ತಿದೆ. ಯಾವ ಕಸ ಯಾವ ಡಬ್ಬಿಗೆ ಅನ್ನುವುದಷ್ಟೇ ವಿಷಯ. ಅದರ ಕನ್ನಡ ನೋಡಿಕೊಳ್ಳುವ ಕೆಲಸ ನನ್ನದು. ಇಂಗ್ಲಿಷಿನಲ್ಲಿ 'ಶಾರ್ಪ್ಸ್' ಅಂತಾರಲ್ಲ, ಅದಕ್ಕೆ ಏನು ಹೇಳೋಣ ಅನ್ನುವುದೇ ನನ್ನ ಮುಖ್ಯ ಪ್ರಶ್ನೆ. ಬಳಸಿದ ಬ್ಲೇಡು, ಮೂಗು ಕಿವಿ ಚುಚ್ಚುವ ಸೂಜಿ, ಮುರಿದ ಗಾಜಿನ ಬಾಟಲಿ ಎಲ್ಲವೂ ಅದರೊಳಗೆ ಬರುತ್ತವೆ.

ನನ್ನ ಕೈಗೆ ಬಂದ ಕರಡಿನಲ್ಲಿ 'ತೀಕ್ಷ್ಣ ತ್ಯಾಜ್ಯ' ಅಂತ ಇತ್ತು. ತೀಕ್ಷ್ಣ ಅಂದರೆ ನಮಗೆ ನೆನಪಾಗುವುದು ಬುದ್ಧಿ, ನೋಟ, ಬಿಸಿಲು. ಬ್ಲೇಡು ಯಾರಿಗೂ ನೆನಪಾಗುವುದಿಲ್ಲ. ಅದನ್ನು ಅಲ್ಲೇ ಕೈಬಿಟ್ಟೆ.

'ಹರಿತ' ಮತ್ತು 'ಚೂಪು' ಎರಡೂ ಒಳ್ಳೆಯ ಪದಗಳೇ. ಆದರೆ ಕನ್ನಡ ಇಲ್ಲಿ ಎರಡನ್ನು ಬೇರೆ ಮಾಡಿ ನೋಡುತ್ತದೆ. ಅಲಗು ಇರುವುದು ಹರಿತ, ಮೊನೆ ಇರುವುದು ಚೂಪು. ಕತ್ತಿ ಹರಿತ, ಸೂಜಿ ಚೂಪು. 'ಸೂಜಿ ಹರಿತವಾಗಿದೆ' ಅಂತ ಯಾರೂ ಅನ್ನಲ್ಲ, ಅಲ್ವಾ? 'ಹರಿತವಾದ ವಸ್ತು' ಅಂದರೆ ಸೂಜಿ ಹೊರಗುಳಿಯುತ್ತದೆ, 'ಚೂಪಾದ ವಸ್ತು' ಅಂದರೆ ಬ್ಲೇಡು. 'ಮೊನಚು' ಅಂದರೂ ಅದೇ ಕಥೆ.

'ಹರಿತ'ಕ್ಕೆ ಇನ್ನೊಂದು ತೊಡಕಿದೆ. ನಮ್ಮ ಹರಿತ ಬೇರೆ, ಸಂಸ್ಕೃತದ ಹರಿತ ಬೇರೆ. ಸಂಸ್ಕೃತದಲ್ಲಿ ಅದು ಹಸಿರು. ಕೇರಳದಲ್ಲಿ ಮನೆಮನೆಯಿಂದ ಕಸ ಸಂಗ್ರಹಿಸುವ ಗುಂಪಿನ ಹೆಸರೇ 'ಹರಿತ ಕರ್ಮ ಸೇನೆ'. ಕಾಸರಗೋಡಿನ ಕನ್ನಡಿಗರಿಗೆ ಇದು ದಿನಾ ಕೇಳುವ ಮಾತು. ಅವರ ಮುಂದೆ 'ಹರಿತ ತ್ಯಾಜ್ಯ' ಅಂತ ಬರೆದರೆ ಏನಂದುಕೊಂಡಾರು? ಬೆಂಗಳೂರಿನಲ್ಲೋ ಹಸಿರು ಡಬ್ಬಿ ಇರುವುದು ಹಸಿ ಕಸಕ್ಕೆ. ಬ್ಲೇಡು ಬೀಳಬಾರದ ಜಾಗವೇ ಅದು.

ಇಷ್ಟು ಯಾಕೆ ಎಳೆಯುತ್ತಿದ್ದೇನೆ ಅಂದರೆ, ಒಮ್ಮೆ ಸಲೂನಿನಲ್ಲಿ ಕೂತು ಆ ಬ್ಲೇಡನ್ನು ಗಮನಿಸಿ. ಎರಡು ಕಡೆ ಅಲಗಿರುವ ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಬಗ್ಗಿಸಿ ಟಕ್ ಅಂತ ಮುರಿಯುತ್ತಾರೆ. ಅರ್ಧ ಕ್ಷೌರದ ಕತ್ತಿಗೆ ಹೋಗುತ್ತದೆ, ಇನ್ನರ್ಧ ಮುಂದಿನವರಿಗೆ. ಕೆಲಸ ಮುಗಿದ ಮೇಲೆ ಆ ಅರ್ಧವನ್ನು ನೊರೆ ಒರೆಸಿದ ಪೇಪರಿನ ತುಂಡಿನಲ್ಲೇ ಮುದುಡಿ ಬುಟ್ಟಿಗೆ ಎಸೆಯುತ್ತಾರೆ. ಒಂದು ಕಡೆ ಅಲಗು, ಎರಡೂ ತುದಿಯಲ್ಲಿ ಮೂಲೆ. ಅದು ಹರಿತವೂ ಹೌದು, ಚೂಪೂ ಹೌದು. ನೋಡಿದರೆ ಒದ್ದೆ ಕಾಗದದ ಉಂಡೆ. ಬೆಳಿಗ್ಗೆ ಚೀಲ ಎತ್ತುವ, ಕಸ ವಿಂಗಡಿಸುವ ಪೌರಕಾರ್ಮಿಕರ ಬೆರಳಿಗೆ ಮಾತ್ರ ಅದರ ನಿಜ ಗೊತ್ತಾಗುತ್ತದೆ. ರಕ್ತದಿಂದ ಹರಡಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಸ್ಸು ಮೈಯಿಂದ ಹೊರಗೆ, ಒಣಗಿದ ರಕ್ತದಲ್ಲೂ, ಕನಿಷ್ಠ 7 ದಿನ ಸೋಂಕು ಹರಡುವಂತೆ ಉಳಿಯಬಲ್ಲದು. ಗಾಯ ಚಿಕ್ಕದು ಅಂತ ಸುಮ್ನಿರುವ ಹಾಗಿಲ್ಲ.

ಆಸ್ಪತ್ರೆಗಳಿಗೆ ಇದರ ದಾರಿ ಸ್ಪಷ್ಟ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಬ್ಲೇಡು, ಸೂಜಿ ತೂತು ಬೀಳದ, ಸೋರದ ಬಿಳಿ ಡಬ್ಬಿಗೆ ಹೋಗಬೇಕು. ಆ ನಿಯಮ ಹೆಸರಿಸುವ ಆಸ್ಪತ್ರೆ, ಲ್ಯಾಬು, ರಕ್ತನಿಧಿಗಳ ಪಟ್ಟಿಯಲ್ಲಿ ಸಲೂನು ಇಲ್ಲ. ಹಾಗಾಗಿ ಸಲೂನಿನವರಿಗೆ ಯಾವ ಪದವೂ ರೂಢಿಯಾಗಿಲ್ಲ. ದಪ್ಪ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಲ್ಲಿ ಸೀಳು ಮಾಡಿ, ಟೇಪು ಸುತ್ತಿ ಇಟ್ಟರೆ ಅರ್ಧ ಕೆಲಸ ಆಯಿತು. ಉಳಿದ ಅರ್ಧ ಆ ಡಬ್ಬಿಯ ಮೇಲಿನ ಹೆಸರು.

ನನಗೆ ತೋಚಿದ್ದು 'ಕೊಯ್ಯುವ-ಚುಚ್ಚುವ ಕಸ'. ವಸ್ತು ಹೇಗಿದೆ ಅನ್ನುವುದಕ್ಕಿಂತ ಕೈಗೆ ಏನು ಮಾಡುತ್ತದೆ ಅನ್ನುವುದನ್ನು ಇದು ಹೇಳುತ್ತದೆ. ಡಬ್ಬಿಯ ಮೇಲಿನ ಪದ ಎಸೆಯುವವರಿಗಿಂತ ಜಾಸ್ತಿ ಎತ್ತುವವರಿಗೆ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 'ತ್ಯಾಜ್ಯ' ಬೇಡ, 'ಕಸ' ಸಾಕು. ಪೌರಕಾರ್ಮಿಕರ ಬಾಯಲ್ಲಿ ಇರುವುದು ಅದೇ. ಆದರೆ ಪದ ಸ್ವಲ್ಪ ಉದ್ದವಾಯಿತೇ? 'ಕೊಯ್ಗಸ' ಅಂತ ಕಟ್ಟಬಹುದೇನೋ, ಹೇಳಿದರೆ ಯಾರಿಗೂ ಅರ್ಥವಾಗಲ್ಲ ಅನ್ನಿಸುತ್ತದೆ.

ಇದೇ ದಾರಿಯಲ್ಲಿ 'ಹಸಿ ಕಸ'ದ ಬಗ್ಗೆಯೂ ಕೇಳಬೇಕು. ಅಡುಗೆಮನೆಯಲ್ಲಿ ಈ ಪದ ಚೆನ್ನಾಗಿ ನಿಂತಿದೆ. ಸಲೂನಿನಲ್ಲಿ ಮಾತ್ರ ದಾರಿ ತಪ್ಪಿಸುತ್ತದೆ. ನೊರೆ ಮೆತ್ತಿದ ಪೇಪರು, ಡೈ ಹೀರಿದ ಹತ್ತಿ, ಫೇಶಿಯಲ್ ಒರೆಸಿದ ಟಿಶ್ಯೂ ಎಲ್ಲವೂ ಮುಟ್ಟಿದರೆ ಹಸಿ. ಹುಡುಗರು ಪದ ನಂಬಿ ಹಸಿರು ಡಬ್ಬಿಗೆ ಹಾಕುತ್ತಾರೆ, ಅದು ಗೊಬ್ಬರದ ಗುಂಡಿಗೆ ಹೋಗುತ್ತದೆ. ಅವರ ತಪ್ಪೇನೂ ಇಲ್ಲ. ಸಲೂನಿನ ಮಟ್ಟಿಗೆ 'ಕೊಳೆಯುವ ಕಸ' ಅಂದರೆ ವಾಸಿ ಅನ್ನಿಸುತ್ತದೆ. ಆದರೆ ಊರೆಲ್ಲ ಹಸಿ ಕಸ ಅನ್ನುವಾಗ ಇಲ್ಲಿ ಬೇರೆ ಪದ ತಂದರೆ ಗೊಂದಲ ಹೆಚ್ಚೀತೇ?

ಕೂದಲಂತೂ ಹಸಿ ಕಸ, ಒಣ ಕಸ ಎರಡಕ್ಕೂ ಸೇರದು. ಮುಟ್ಟಿದರೆ ಒಣ, ಕೊಳೆಯುವುದೂ ಹೌದು, ಆದರೆ ಬಹಳ ನಿಧಾನ. ಅದರಲ್ಲಿರುವ ಕೆರಾಟಿನ್ ಅನ್ನುವ ಪ್ರೋಟೀನಿನಲ್ಲಿ ಗಂಧಕದ ಕೊಂಡಿಗಳಿರುವುದರಿಂದ ಸುಲಭಕ್ಕೆ ಕರಗುವುದಿಲ್ಲ. ಸುಟ್ಟಾಗ ಆ ಕಮರು ನಾತ ಬರುವುದೂ ಬಹುಪಾಲು ಗಂಧಕದಿಂದಲೇ. ಸುಡಬೇಡಿ ಅಂತ ಸೂಚನೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಕೊಪ್ಪಳದ ಹತ್ತಿರದ ಭಾಗ್ಯನಗರದಲ್ಲಿ ಬಾಚಣಿಗೆಗೆ ಸಿಕ್ಕ ಕೂದಲನ್ನು ಬಿಡಿಸಿ, ಅಳತೆಗೆ ತಕ್ಕಂತೆ ಜೋಡಿಸಿ ಮಾರುವುದೇ ದೊಡ್ಡ ಕಸುಬು. ಅಲ್ಲಿ ಅದು ಕಸವಲ್ಲ, ಸರಕು. ಆದರೆ ಅದಕ್ಕೆ ಉದ್ದ ಬೇಕು. ಗಂಡಸರ ಕಟಿಂಗಿನ ಗಿಡ್ಡ ಕೂದಲನ್ನು ಯಾರೂ ಕೇಳುವುದಿಲ್ಲ. ಈ ಗುಡಿಸಿದ ಚೂರು ಕೂದಲಿಗೆ, ಬಾಚಣಿಗೆಯ ಸಿಕ್ಕುಗೂದಲಿಗೆ ಬೇರೆ ಬೇರೆ ಹೆಸರುಗಳು ನಿಮ್ಮ ಕಡೆ ಇವೆಯೇ? ಭಾಗ್ಯನಗರದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಉಳಿದ ಡೈಗೆ 'ರಾಸಾಯನಿಕ ತ್ಯಾಜ್ಯ' ಬದಲು 'ಕಲಸಿ ಉಳಿದ ಬಣ್ಣ' ಅಂತಲೇ ಬರೆದಿದ್ದೇನೆ. ಪೆರಾಕ್ಸೈಡ್ ಬೆರೆಸಿದ ಬಣ್ಣವನ್ನು ಬಾಟಲಿಗೆ ತುಂಬಿ ಬಿರಡೆ ಹಾಕಿದರೆ ಒಳಗೆ ಅನಿಲ ಹುಟ್ಟಿ ಬಾಟಲಿ ಸಿಡಿಯಬಹುದು. ಕಲಸಿದ್ದಕ್ಕೂ ಕಲಸದ್ದಕ್ಕೂ ಇರುವ ವ್ಯತ್ಯಾಸವನ್ನು ಪದವೇ ಹೇಳಲಿ ಅಂತ.

ಅಂಗಡಿಯ ಹೆಸರಿನ ಬಗ್ಗೆ ಒಂದು ಮಾತು. ಹಳೆ ಬೋರ್ಡುಗಳಲ್ಲಿ 'ಆಯುಷ್ಕರ್ಮ ಶಾಲೆ' ಅಂತ ಇರುತ್ತಿತ್ತು, ಚಂದದ ಹೆಸರು. ಆದರೆ ಈಗಿನ ಹುಡುಗರಿಗೆ 'ಸಲೂನು' ಅಂದರೇನೇ ಸಲೀಸು. ಸವಿತಾ ಸಮಾಜದವರನ್ನು ನೋಯಿಸುವ ಹಳೆಯ ಜಾತಿಪದ ಮಾತ್ರ ಎಲ್ಲೂ ನುಸುಳದಂತೆ ನೋಡಿಕೊಂಡಿದ್ದೇನೆ.

ಈಗ ನಿಮ್ಮಿಂದ ಬೇಕಾದದ್ದು: ಧಾರವಾಡ, ಕಲಬುರಗಿ, ಮಂಗಳೂರಿನ ಕಡೆ ಬ್ಲೇಡು-ಸೂಜಿಗಳನ್ನು ಒಟ್ಟಿಗೆ ಹೇಳುವ ಪದ ಏನಾದರೂ ಬಳಕೆಯಲ್ಲಿದೆಯೇ? ಆ ಅರ್ಧ ಬ್ಲೇಡಿಗೇ ಸಲೂನಿನವರು ಏನಾದರೂ ಹೆಸರು ಹೇಳುತ್ತಾರೆಯೇ? ಲೇಬಲ್ಲು ಅಂಗೈಯಗಲ ಮಾತ್ರ, ಹೆಚ್ಚೆಂದರೆ ಎರಡು ಸಾಲು ಹಿಡಿಸುತ್ತದೆ. ಮುಂದಿನ ವಾರ ಅಚ್ಚಿಗೆ ಕೊಡಬೇಕು, ಅದರೊಳಗೆ ತಿಳಿಸಿದರೆ ಉಪಕಾರ.