ಟಂಬಲ್ ಅಂದ್ರೆ ಬೀಳೋದಾ, ಉರುಳೋದಾ, ಲಾಗ ಹಾಕೋದಾ?

ಗೆಳೆಯರೇ, ಹೋದ ವಾರದಿಂದ ಒಂದು ಇಂಗ್ಲಿಷ್ ಪದ ಹಲ್ಲಿನ ಸಂದೀಲಿ ಸಿಕ್ಕ ಅಡಿಕೆ ಚೂರಿನ ಥರ ಕಾಡ್ತಾ ಇದೆ, ಅದಕ್ಕೇ ಇಲ್ಲಿ ಹಾಕ್ತಿದೀನಿ. ಬಟ್ಟೆ ಲೇಬಲ್ಲುಗಳನ್ನ ಕನ್ನಡಕ್ಕೆ ಮಾಡೋ ಒಂದು ಸಣ್ಣ ಕೆಲಸ ಬಂದಿತ್ತು, ನನಗಿಂತ ಮುಂಚೆ ಯಾರೋ ಅರ್ಧ ಮಾಡಿ ಬಿಟ್ಟಿದ್ರು. ಅದರಲ್ಲಿ 'ಡು ನಾಟ್ ಟಂಬಲ್ ಡ್ರೈ' (ಬಟ್ಟೇನ ತಿರುಗೋ ಮಷೀನಿನ ಬಿಸಿ ಗಾಳೀಲಿ ಒಣಗಿಸಬೇಡಿ ಅಂತ) ಅನ್ನೋದಕ್ಕೆ 'ಉರುಳಿ ಒಣಗಬೇಡಿ' ಅಂತ ಇತ್ತು. ಓದಿ ನಕ್ಕು ನಕ್ಕು ಸಾಕಾಯ್ತು, ಯಾಕಂದ್ರೆ ಅದು ಬಟ್ಟೆಗೆ ಹೇಳಿದ್ದಲ್ಲ, ದೇವಸ್ಥಾನದಲ್ಲಿ ಒದ್ದೆ ಬಟ್ಟೆ ಉಟ್ಟು ಉರುಳು ಸೇವೆ ಮಾಡೋರಿಗೆ ಆಡಳಿತ ಮಂಡಳಿ ಹಾಕಿದ ಬೋರ್ಡ್ ಥರ ಇದೆ. ಆದ್ರೆ ನಗು ಮುಗಿದ ಮೇಲೆ ನಾನೇ ಏನು ಬರೀಬೇಕು ಅಂತ ಕೂತ್ರೆ ಕೈ ಓಡಲಿಲ್ಲ.

ಡಿಕ್ಷನರಿ ತೆಗೆದ್ರೆ ಬೀಳು, ಉರುಳು, ಹೊರಳು, ಮುಗ್ಗರಿಸು, ಲಾಗ ಹಾಕು, ಅಸ್ತವ್ಯಸ್ತ ಮಾಡು ಅಂತ ಸಾಲಾಗಿ ಕೊಟ್ಟಿರ್ತಾರೆ, ಯಾವುದು ಎಲ್ಲಿಗೆ ಅಂತ ಹೇಳಲ್ಲ. ಮೊದಲು ಆ ಪದ ಹುಟ್ಟಿದ್ದು ಹೇಗೆ ಅಂತ ನೋಡೋಣ. ಹಳೇ ಇಂಗ್ಲಿಷಿನಲ್ಲಿ 'ತುಂಬಿಯನ್' ಅಂತ ಒಂದು ಕ್ರಿಯಾಪದ ಇತ್ತು, ಅದರ ಅರ್ಥ ಬೀಳೋದಲ್ಲ, ಕುಣಿಯೋದು! ಸುಮಾರು ಸಾವಿರ ವರ್ಷದ ಹಿಂದಿನ ಹಳೇ ಇಂಗ್ಲಿಷ್ ಬೈಬಲ್ಲಿನ ಸುವಾರ್ತೆಯಲ್ಲಿ, ಹೆರೋದ ರಾಜನ ಮುಂದೆ ಹೆರೋದ್ಯಳ ಮಗಳು ಕುಣಿದಳು ಅನ್ನೋ ಕಡೆ ಬಳಸಿರೋದು ಇದೇ ಕ್ರಿಯಾಪದ. ಆ ಕಾಲದವರ ಕಣ್ಣಲ್ಲಿ ಅವಳ ಕುಣಿತ ಅಂದ್ರೆ ಕಸರತ್ತು ಸೇರಿದ್ದು ಅಂತ ಕಾಣುತ್ತೆ, ಫ್ರಾನ್ಸಿನ ರೂಆಂ ಕೆಥೆಡ್ರಲ್ಲಿನ ಬಾಗಿಲ ಮೇಲಿನ ಕೆತ್ತನೆಯಲ್ಲಿ ಅವಳು ಕೈ ಮೇಲೆ ನಿಂತು ಕಾಲು ಮೇಲಕ್ಕೆತ್ತಿದಾಳೆ. ನಾಟ್ಯ ಅಂದ್ರೆ ನಾವು ಊಹಿಸೋ ಭರತನಾಟ್ಯ ಅಲ್ಲ ಅದು, ಅಪ್ಪಟ ಲಾಗ. ಆಮೇಲೆ ಆ ಕುಣಿತ ತಲೆಕೆಳಗಾಗೋದಾಗಿ, ತಲೆಕೆಳಗಾಗೋದು ಬೀಳೋದಾಗಿ ಇಳೀತು. ಅಂದ್ರೆ ಈ ಪದದಲ್ಲಿ ಬೇಕಂತಲೇ ಮಾಡೋ ಆಟನೂ ಇದೆ, ಬೇಡವಾಗಿ ಆಗೋ ಅನಾಹುತನೂ ಇದೆ. ನಮ್ಮ ತಲೆನೋವು ಶುರುವಾಗೋದೇ ಇಲ್ಲಿ, ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ, ಲಾಗ ಹಾಕೋನು ಬೀಳ್ತಿಲ್ಲ, ಬೀಳೋನು ಲಾಗ ಹಾಕ್ತಿಲ್ಲ. (ಬಿದ್ದ ಮೇಲೆ 'ನಾನು ಬೇಕಂತಲೇ ಬಿದ್ದೆ' ಅನ್ನೋರ ಮಾತು ಬಿಡಿ.)

ಇನ್ನೊಂದು ವಿಷಯ, ಇದು ನನಗೆ ತುಂಬಾ ಹಿಡಿಸಿದ್ದು. ಪದದ ಕೊನೇಲಿ ಒಂದು ಲಕಾರ ಬಾಲ ಇದೆ ನೋಡಿ, ಅದು ಮೂಲದಲ್ಲಿ ಇರಲಿಲ್ಲ, ಆಮೇಲೆ ಅಂಟಿದ್ದು. ಕಿಡಿ ಅನ್ನೋ ಅರ್ಥದ ಸ್ಪಾರ್ಕ್‌ಗೆ ಅದೇ ಬಾಲ ಹಚ್ಚಿದ್ರೆ ಸ್ಪಾರ್ಕಲ್, ಬಿಟ್ಟು ಬಿಟ್ಟು ಮಿನುಗೋದು. ಅಂದ್ರೆ ಒಂದು ಕೆಲಸ ಮತ್ತೆ ಮತ್ತೆ ಆಗುತ್ತೆ ಅಂತ ಹೇಳೋ ಬಾಲ. ಕನ್ನಡದಲ್ಲಿ ಇದೇ ಕೆಲಸ ಮಾಡೋದು ಯಾವುದು ಹೇಳಿ? 'ಆಡು'. ತೂಗು ತೂಗಾಡು, ಅಲೆ ಅಲೆದಾಡು, ಉರುಳು ಉರುಳಾಡು, ಹೊರಳು ಹೊರಳಾಡು. ಅದೂ ಅಲ್ದೆ ನಮ್ಮ ಆಡು ಅಂದ್ರೆ ಆಟ ಆಡೋದು ಕೂಡ, ಹಾಗಾಗಿ ಆ ಹಳೇ ಕುಣಿತದ ವಾಸನೆನೂ ಉಳ್ಕೊಳ್ಳುತ್ತೆ. 'ರಫ್ ಅಂಡ್ ಟಂಬಲ್' ಅನ್ನೋದಕ್ಕೆ ಏನು ಹೇಳೋದು ಅಂತ ಒದ್ದಾಡೋರು ಕಿತ್ತಾಟ, ಗುದ್ದಾಟ, ತಳ್ಳಾಟ, ಹೊರಳಾಟ ಎಲ್ಲದರ ಹಿಂದೆನೂ ಆಟ ಇರೋದನ್ನ ಗಮನಿಸಿ. ಅಂಗಳದಲ್ಲಿ ಮಕ್ಕಳು ಮಣ್ಣಲ್ಲಿ ಬಿದ್ದು ಎದ್ದು ಮಾಡೋದಾದ್ರೆ ಹೊರಳಾಟ, ರಾಜಕೀಯದ್ದಾದ್ರೆ ಕಿತ್ತಾಟ, ಅಷ್ಟೇ.

ಇದರಿಂದ ನನಗೊಂದು ಸುಲಭದ ಪರೀಕ್ಷೆ ಸಿಕ್ತು. ಟಂಬಲ್ ಒಂದೇ ಸಲ ಆಗಿ ಮುಗಿಯೋದಾದ್ರೆ ಆಡು ಹಚ್ಚೋಕೆ ಆಗಲ್ಲ. ಕ್ರಿಕೆಟ್ಟಲ್ಲಿ ವಿಕೆಟ್ ಉರುಳಿತು ಅಂತೀವಿ, ಸರ್ಕಾರ ಉರುಳಿತು ಅಂತೀವಿ, 'ಸರ್ಕಾರ ಉರುಳಾಡಿತು' ಅಂದ್ರೆ ವಿಧಾನಸೌಧದ ಮುಂದಿನ ಹುಲ್ಲಲ್ಲಿ ಏನೋ ನಡೀತಿದೆ ಅನ್ಸುತ್ತೆ. ಷೇರುಪೇಟೆಗೆ ಮಾತ್ರ ಪೇಪರಿನವರು ಉರುಳು ಬಳಸೋದು ಕಮ್ಮಿ, ಸೆನ್ಸೆಕ್ಸ್ ಕುಸೀತು ಅಂತಾರೆ, ಸ್ವಲ್ಪ ಜೋಶ್ ಇರೋ ಸಬ್‌ಎಡಿಟರ್ ಆದ್ರೆ ಮುಗ್ಗರಿಸಿತು ಅಂತಾನೆ. ನನಗೆ ಮುಗ್ಗರಿಸೋದೇ ವಾಸಿ ಅನ್ಸುತ್ತೆ. ಕುಸಿಯೋದು ಗೋಡೆ, ನಿಂತಲ್ಲೇ ಕೆಳಕ್ಕೆ, ಮುಗ್ಗರಿಸೋದು ನಡೀತಾ ಇದ್ದವನು ಕಾಲು ತಪ್ಪಿ ಮುಂದಕ್ಕೆ, ಮಾರ್ಕೆಟ್ಟೂ ಹಾಗೇ ತಾನೇ, ಎದ್ದು ಮತ್ತೆ ನಡೆಯುತ್ತೆ. ವಾಹನದ ವಿಷಯಕ್ಕೆ ಬಂದ್ರೆ ಪೇಪರ್ ಭಾಷೆ ಅಚ್ಚುಕಟ್ಟು, ಹೈವೇಲಿ ಮಗುಚಿದ್ರೆ 'ಲಾರಿ ಪಲ್ಟಿ', ಘಾಟಿ ರಸ್ತೇಲಾದ್ರೆ 'ಪ್ರಪಾತಕ್ಕೆ ಉರುಳಿದ ಬಸ್'. ಪಲ್ಟಿ ಅಂದ್ರೆ ಮೇಲು ಕೆಳಗಾಗಿ ಅಲ್ಲೇ ಬಿದ್ದಿರೋದು, ಉರುಳೋದು ಅಂದ್ರೆ ಕೆಳಗೆ ದಾರಿ ಇರೋವರೆಗೂ ಹೋಗೋದು.

ಈಗ ಉರುಳು, ಹೊರಳು ಇವೆರಡರ ವಿಷಯ. ಇವನ್ನ ಒಂದೇ ಅಂತ ಬಳಸೋರನ್ನ ತುಂಬಾ ನೋಡಿದೀನಿ. ಉರುಳೋದು ಜಾಗ ಬಿಟ್ಟು ಹೋಗುತ್ತೆ, ಗಾಲಿ ಉರುಳುತ್ತೆ, ಬೆಟ್ಟದಿಂದ ಬಂಡೆ ಉರುಳುತ್ತೆ, ದಿನಗಳು ಉರುಳ್ತವೆ. ಹೊರಳೋದು ಇದ್ದಲ್ಲೇ ಮಗ್ಗುಲು ಬದಲಿಸೋದು, ಎಮ್ಮೆ ಕೆಸರಲ್ಲಿ ಹೊರಳಾಡುತ್ತೆ, ಕತ್ತೆ ಬೂದೀಲಿ ಹೊರಳಾಡುತ್ತೆ, ನಿದ್ದೆ ಬರದೆ ಇದ್ರೆ ನಾವು ಹಾಸಿಗೇಲಿ ಹೊರಳಾಡ್ತೀವಿ. ಹಾಸಿಗೇಲಿ ಉರುಳಿದ್ರೆ ಮಂಚದಿಂದ ಕೆಳಗೆ! ಕಷ್ಟದ ಪದ ಹೇಳೋಕಾಗದಿದ್ರೆ 'ನಾಲಿಗೆ ಹೊರಳಲ್ಲ' ಅಂತೀವಿ, ನಾಲಿಗೆ ಉರುಳಲ್ಲ ಅನ್ನಲ್ಲ. ಧಾರವಾಡದ ಕಡೆ 'ಹೊಳ್ಳಿ ನೋಡು', 'ಹೊಳ್ಳಿ ಬಂದ' ಅನ್ನೋದು ಇದೇ ಹೊರಳು ಸವೆದು ಆಗಿದ್ದು, ತಿರುಗು ಅನ್ನೋ ಅರ್ಥ. ಹಳಗನ್ನಡದ ಪೊರಳ್, ತಮಿಳಿನ ಪುರಳ್, ತೆಲುಗಿನ ಪೊರ್ಲು ಎಲ್ಲಾ ಒಂದೇ ಬಳ್ಳಿ. ಮಜಾ ಏನಂದ್ರೆ ನಾವು ಉರುಳು ಸೇವೆ ಅಂದಿದ್ದನ್ನ ತೆಲುಗರು ಪೊರ್ಲುದಂಡಾಲು ಅಂತಾರೆ, ಅವರದ್ದು ಹೊರಳೋದು. ನಮ್ಮದೇ ಸರಿ ಅನ್ಸುತ್ತೆ, ಗುಡಿ ಸುತ್ತ ಹೋಗ್ಬೇಕಲ್ಲ, ಇದ್ದಲ್ಲೇ ಹೊರಳಿದ್ರೆ ಪ್ರದಕ್ಷಿಣೆ ಮುಗಿಯೋದು ಯಾವಾಗ.

ಲೇಬಲ್ಲಿಗೆ ವಾಪಸ್ ಬಂದ್ರೆ, ಡ್ರೈಯರಿನ ಡ್ರಮ್ಮಿನಲ್ಲಿ ಬಟ್ಟೆ ಮೇಲಕ್ಕೆ ಹೋಗಿ ಕೆಳಕ್ಕೆ ಬೀಳುತ್ತೆ, ಮತ್ತೆ ಮೇಲಕ್ಕೆ, ನಡುವೆ ಬಿಸಿ ಗಾಳಿ. ಡ್ರಮ್ ಬಿಟ್ಟು ಎಲ್ಲೂ ಹೋಗಲ್ಲ. ಹಾಗಾಗಿ ಅದು ಹೊರಳಾಟ, ಉರುಳೋದಲ್ಲ. 'ಹೊರಳಾಡಿಸಿ ಒಣಗಿಸಬೇಡಿ' ಅಂದ್ರೆ ವ್ಯಾಕರಣ ಸರಿ ಇದೆ, ಆದ್ರೆ ನಮ್ಮಲ್ಲಿ ಬಟ್ಟೆ ಒಣಗೋದು ತಾರಸಿ ತಂತಿ ಮೇಲೆ, ಇದನ್ನ ಓದಿದೋರು ಬಟ್ಟೇನ ಎಲ್ಲಿ ಹೊರಳಾಡಿಸ್ಬಾರದು ಅಂತ ತಲೆ ಕೆರ್ಕೋತಾರೆ. ಕೊನೆಗೆ ನಾನು 'ಡ್ರೈಯರಿಗೆ ಹಾಕಬೇಡಿ' ಅಂತ ಬರೆದು ಕಳಿಸಿದೆ. ಟಂಬಲ್ ಅಲ್ಲಿ ಮಾಯ ಆಯ್ತು, ಆಗ್ಲಿ.

ಆದ್ರೆ ಟಂಬ್ಲರ್ ಬಿಡಲ್ಲ. ಕಾಫಿ ಕುಡಿಯೋ ಲೋಟಕ್ಕೆ ಟಂಬ್ಲರ್ ಅಂತ ಯಾಕೆ ಬಂತು ಅಂದ್ರೆ, 17ನೇ ಶತಮಾನದಲ್ಲಿ ಆ ಹೆಸರಿನ ಪಾತ್ರೆಗೆ ತಳ ಚಪ್ಪಟೆ ಇರಲಿಲ್ಲ, ದುಂಡಗೋ ಚೂಪಗೋ ಇರ್ತಿತ್ತು, ಕೆಳಗಿಟ್ರೆ ಮಗುಚಿಕೊಳ್ಳೋದು, ಹಾಗಾಗಿ ಪೂರ್ತಿ ಕುಡಿದೇ ಇಡಬೇಕಿತ್ತು. ನಾವು ಗಟ್ಟಿ ತಳದ ಸ್ಟೀಲ್ ಲೋಟಕ್ಕೆ, ಅದೂ ಕೆಳಗೊಂದು ದಬರಿ ಇಟ್ಟು ಭದ್ರ ಮಾಡಿ, ಬೀಳೋದು ಅನ್ನೋ ಹೆಸರು ಕರೀತೀವಿ! ಇನ್ನೂ ಒಂದು ತಮಾಷೆ, ಹಿಂದಿಯಲ್ಲಿ ನಿಲುವಿಲ್ಲದೆ ಅತ್ತ ಇತ್ತ ವಾಲೋನನ್ನ 'ಬೇಪೇಂದಿ ಕಾ ಲೋಟಾ' ಅಂತಾರೆ, ತಳ ಇಲ್ಲದ ಲೋಟ. ಪಾಕಿಸ್ತಾನದಲ್ಲಿ ಪಕ್ಷಾಂತರಿಗೆ ಬರೀ 'ಲೋಟಾ' ಅಂದ್ರೆ ಸಾಕು. ಅಂದ್ರೆ ಇಂಗ್ಲಿಷರ ತಳ ಇಲ್ಲದ ಟಂಬ್ಲರ್, ಹಿಂದಿಯವರ ತಳ ಇಲ್ಲದ ಲೋಟ, ಎರಡೂ ಉರುಳೋದೇ ಗುಣ. ಇಂಗ್ಲಿಷರು ಅದರಿಂದ ಪಾತ್ರೆಗೆ ಹೆಸರಿಟ್ರು, ಇವರು ಪಾತ್ರೆಯಿಂದ ಮನುಷ್ಯನಿಗೆ ಹೆಸರಿಟ್ರು.

ಪಾರಿವಾಳದಲ್ಲೂ ಟಂಬ್ಲರ್ ಇದೆ, ಹಾರ್ತಾ ಹಾರ್ತಾ ಹಿಂದಕ್ಕೆ ಲಾಗ ಹಾಕೋ ಜಾತಿ. ಅದರ ನೆಲದ ಅಣ್ಣ ಲೋಟನ್, ಹಿಂದಿಯ ಲೋಟ್‌ನಾ ಅಂದ್ರೆ ಹೊರಳೋದು, ಅದರಿಂದ. ಇದನ್ನ ಕೈಲಿ ಹಿಡಿದು ಸ್ವಲ್ಪ ಅಲ್ಲಾಡಿಸಿ ನೆಲಕ್ಕೆ ಬಿಟ್ರೆ, ಎತ್ತಿಕೊಂಡು ಸಮಾಧಾನ ಮಾಡೋವರೆಗೂ ಪಲ್ಟಿ ಹೊಡೀತಾನೇ ಇರುತ್ತೆ ಅಂತ ಡಾರ್ವಿನ್ 1868ರ ಪುಸ್ತಕದಲ್ಲಿ ಬರೆದಿದಾನೆ, ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲೇ ಲೋಟನ್ ಹೆಸರು ಬಂದಿದೆ. ಟಂಬಲ್‌ಗೆ ನಮ್ಮ ದೇಶದಲ್ಲೇ ಇಷ್ಟು ಕರಾರುವಾಕ್ಕಾದ ಪದ ಇದ್ದಿದ್ದು ಪಾರಿವಾಳದ ಗೂಡಲ್ಲಿ ನೋಡಿ.

ಮನುಷ್ಯ ಟಂಬ್ಲರ್ ವಿಷಯ ಸ್ವಲ್ಪ ಸೂಕ್ಷ್ಮ. 1909ರಲ್ಲಿ ಬಂದ ಥರ್ಸ್ಟನ್ನಿನ ದಕ್ಷಿಣ ಭಾರತದ ಜಾತಿಗಳ ಸಂಪುಟಗಳಲ್ಲಿ ದೊಮ್ಮರರನ್ನ ಪರಿಚಯಿಸೋದೇ ಟಂಬ್ಲರ್ಸ್ ಅಂತ. ನಮ್ಮಲ್ಲಿ ದೊಂಬರು, ದೊಂಬರಾಟ. ಹಗ್ಗದ ಮೇಲೆ ನಡೆದು, ಗಳ ಹತ್ತಿ, ಲಾಗ ಹಾಕಿ ಹೊಟ್ಟೆ ಹೊರೆಯೋರ ವಿದ್ಯೆ ಅದು. ಈಗ ಹೆಡ್‌ಲೈನುಗಳಲ್ಲಿ ರಾಜಕಾರಣಿಗಳ ಕೆಟ್ಟ ನಾಟಕಕ್ಕೆ 'ದೊಂಬರಾಟ' ಅಂತ ಬೈಯೋದು ನನಗಂತೂ ಸರಿ ಕಾಣಲ್ಲ, ಅಷ್ಟು ಕಷ್ಟದ ವಿದ್ಯೆ ಇವರಿಗೆಲ್ಲಿ ಬರುತ್ತೆ. ಅದೇ ಕಸರತ್ತು 1932ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಟಂಬ್ಲಿಂಗ್ ಅನ್ನೋ ಹೆಸರಲ್ಲಿ ಪದಕದ ಸ್ಪರ್ಧೆ ಆಗಿತ್ತು, ಅದೊಂದೇ ಸಲ.

ಬೀಗದಲ್ಲಿ ಟಂಬ್ಲರ್ ಅಂದ್ರೆ ಒಳಗೆ ಎದ್ದು ಬೀಳೋ ತುಂಡುಗಳು. ರಾಬರ್ಟ್ ಬ್ಯಾರನ್ 1778ರಲ್ಲಿ ಲಿವರಿನದ್ದು ಮಾಡಿದ, ಲೈನಸ್ ಯೇಲ್ 1861ರಲ್ಲಿ ಸಣ್ಣ ಪಿನ್ನುಗಳದ್ದು. ಇದಕ್ಕೆ ಕನ್ನಡ ಹುಡುಕೋಕೆ ಹೋಗ್ಬೇಡಿ, ಬೀಗದಂಗಡಿಯೋನು '6 ಲಿವರ್, 7 ಲಿವರ್' ಅಂತಾನೆ, ಅದೇ ಸಾಕು. ಟಂಬಲ್‌ಡೌನ್ ಮನೆಗೆ ಪಾಳುಬಿದ್ದ ಮನೆ, ಬಿದ್ದಿಲ್ಲ ಇನ್ನೂ ಬೀಳೋ ಹಾಗಿದೆ ಅಂದ್ರೆ 'ಇವತ್ತೋ ನಾಳೆಯೋ ಅನ್ನೋ ಹಾಗಿರೋ ಮನೆ'. ಬ್ರಿಟಿಷರು ಒಂದು ವಿಷಯ ತಟ್ಟನೆ ಅರ್ಥ ಆದ್ರೂ ಟಂಬಲ್ ಅಂತಾರೆ, ಅಲ್ಲಿ ಬೀಳೋ ಮಾತೇ ಬೇಡ, ಹೊಳೀತು ಅನ್ನಿ.

ಹೌಸಿ ಆಡೋ ಟಾಂಬೋಲ ಕೂಡ ಈ ಮನೆತನದ್ದೇ, ಇಟಾಲಿಯನ್ನಿನ ಟೊಂಬೊಲಾರೆ, ಉರುಳಿ ಬೀಳು. ಫ್ರೆಂಚ್ ಕ್ರಾಂತಿ ಕಾಲದಲ್ಲಿ ಜನರನ್ನ ತಲೆ ಕಡಿಯೋ ಗಿಲೊಟಿನ್ ಯಂತ್ರದ ಹತ್ರ ಸಾಗಿಸಿದ ಟಂಬ್ರಿಲ್ ಗಾಡಿಗೂ ಫ್ರೆಂಚಿನ 'ಬೀಳು'ನಿಂದಲೇ ಹೆಸರು, ಮೂಲದಲ್ಲಿ ಅದು ಹಿಂದಕ್ಕೆ ವಾಲಿಸಿ ಗೊಬ್ಬರ ಸುರಿಯೋ ಗಾಡಿ, ನಮ್ಮ ಟಿಪ್ಪರ್ ಲಾರಿಯ ಮುತ್ತಜ್ಜಿ.

ಟಂಬಲ್‌ವೀಡ್ ಒಂದು ಉಳೀತು. ಅಮೆರಿಕದ ಬಯಲಲ್ಲಿ ಗಾಳಿಗೆ ಉರುಳ್ಕೊಂಡು ಬೀಜ ಚೆಲ್ಲೋ ಒಣ ಗಿಡ, ಅಲ್ಲಿನದ್ದು ಅಂತ ಎಲ್ಲರೂ ಅನ್ಕೊಳ್ಳೋ ಆ ಗಿಡ 1870ರ ದಶಕದಲ್ಲಿ ರಷ್ಯಾ ಕಡೆಯ ಅಗಸೆ ಬೀಜದ ಜೊತೆ ಬೆರೆತು ಬಂದಿದ್ದು. ಇದಕ್ಕೆ 'ಉರುಳುಕಳೆ' ಅಂತ ಮಾಡಬಹುದು, ಕೇಳೋಕೂ ಚೆನ್ನಾಗಿದೆ. ಆದ್ರೆ ನಮ್ಮ ಕಡಲ ತೀರದ ಮರಳಲ್ಲೂ ಮುಳ್ಳುಮುಳ್ಳಾದ ಒಂದು ಹುಲ್ಲಿನ ಚೆಂಡು ಮುರಿದುಬಿದ್ದು ಗಾಳಿಗೆ ಉರುಳ್ತಾ ಹೋಗುತ್ತೆ, ತಮಿಳರು ಮಲಯಾಳಿಗಳು ಅದಕ್ಕೆ ರಾವಣನ ಮೀಸೆ ಅಂತ ಹೆಸರಿಟ್ಟಿದಾರೆ, ಅದರ ಮುಂದೆ ನನ್ನ ಉರುಳುಕಳೆ ಸಪ್ಪೆ ಆಗಿಹೋಯ್ತು.

ನಿಮ್ಮ ಕಡೆ ಪಾರಿವಾಳ ಸಾಕೋರು ಯಾರಾದ್ರೂ ಇದ್ರೆ ದಯವಿಟ್ಟು ಕೇಳಿ ಹೇಳಿ, ಹಕ್ಕಿ ಗಾಳೀಲಿ ತಿರುಗೋದಕ್ಕೆ ಅವರು ಲಾಗ ಅಂತಾರಾ, ಪಲ್ಟಿ ಅಂತಾರಾ, ಬೇರೇನಾದ್ರೂ ಇದೆಯಾ. ಮತ್ತೆ ಈ 'ಹೊರಳಾಡಿಸು' ಯಾರ ಮನೇಲಾದ್ರೂ ಮಾತಲ್ಲಿ ಇದ್ರೆ ಅದನ್ನೂ ಬರೀರಿ, ಮುಂದಿನ ವಾರ ವಾಷಿಂಗ್ ಮಷೀನಿನ ಪೂರ್ತಿ ಕೈಪಿಡಿನೇ ಬರೋದಿದೆ, ಅಲ್ಲಿ ಬರೀ 'ಹಾಕಬೇಡಿ' ಅಂತ ತಪ್ಪಿಸ್ಕೊಳ್ಳೋಕೆ ಆಗಲ್ಲ.